ಆಣೆ ಹಾಕಿಸುವ ಮುನ್ನ ಆಸ್ಪತ್ರೆ: ಕುಡಿತದ ಮನೆಯವರಿಗೆ ಒಂದು ಕೈಪಿಡಿ

ಕುಡಿತ ಬಿಡಿಸಲು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮನೆಗಳಲ್ಲಿ ಮೊದಲು ನಡೆಯುವುದು ಆಣೆ ಹಾಕಿಸುವ ಕೆಲಸ. ಮನೆದೇವರ ಮುಂದೆ ಕರ್ಪೂರ ಹಚ್ಚಿ, ಮಗುವಿನ ತಲೆಯ ಮೇಲೆ ಕೈ ಇರಿಸಿ, ಇನ್ನು ಮುಟ್ಟುವುದಿಲ್ಲ ಎಂದು ಹೇಳಿಸುತ್ತಾರೆ. ಆಣೆ ಮುರಿದಾಗ ಹಿರಿಯರನ್ನು ಸೇರಿಸಿ ಪಂಚಾಯ್ತಿ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಯಾರೋ ಹೇಳಿದ ಪುಡಿ ಸಾರಿಗೆ ಬೀಳುತ್ತದೆ. ಆಸ್ಪತ್ರೆ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮೇಲೆ. ಈ ಕ್ರಮವನ್ನು ತಿರುವಿ ಹಾಕಬೇಕು ಎಂಬುದೊಂದೇ ನನ್ನ ವಾದ. ಆಸ್ಪತ್ರೆ ಮೊದಲು ಬರಲಿ. ಅದರ ಜೊತೆಜೊತೆಗೇ ಮನೆಯ ಹಣ, ಜಮೀನು, ಮಕ್ಕಳನ್ನು ಕಾಪಾಡಿಕೊಳ್ಳುವ ಕೆಲಸ ನಡೆಯಲಿ. ಆಣೆ ಬೇಕಿದ್ದರೆ ಆಮೇಲೆ ಹಾಕಿಸಿ, ಅಡ್ಡಿಯಿಲ್ಲ.

ಇದನ್ನು ಮುಖ್ಯವಾಗಿ ಕುಡಿಯುವವರ ಜೊತೆ ಬದುಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ: ಹೆಂಡತಿ, ತಾಯಿ, ಅಣ್ಣ, ವಯಸ್ಸಿಗೆ ಬಂದ ಮಗ ಅಥವಾ ಮಗಳು. ಕುಡಿಯುವವರೇ ಓದುತ್ತಿದ್ದರೆ ಎರಡನೆಯ ಹೆಜ್ಜೆಯನ್ನು ಮಾತ್ರ ಬಿಡದೆ ಓದಿ. ಉದ್ದಕ್ಕೂ ಗಂಡಸನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕುಡಿಯುವ ಹೆಂಗಸರೂ ಇದ್ದಾರೆ. ಅಷ್ಟೇ ಪ್ರಮಾಣದ ಮದ್ಯಕ್ಕೆ ಅವರ ಯಕೃತ್ತು ಗಂಡಸರದ್ದಕ್ಕಿಂತ ಬೇಗ ಕೆಡುತ್ತದೆ, ನಾಚಿಕೆಯಿಂದಾಗಿ ಅವರು ಆಸ್ಪತ್ರೆಗೆ ಬರುವುದು ಇನ್ನೂ ತಡವಾಗುತ್ತದೆ. ಕೆಳಗಿನ ಹೆಜ್ಜೆಗಳು ಅವರಿಗೂ ಅವೇ.

ಒಂದನೆಯ ಹೆಜ್ಜೆ: ಲೆಕ್ಕ ಇಡಿ

‘ಏನೋ ಸ್ವಲ್ಪ ತಗೊಳ್ಳುತ್ತಾರೆ’ ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. 30 ಎಂಎಲ್ ವಿಸ್ಕಿ, ಬ್ರಾಂದಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಇದನ್ನು ಒಂದು ಯೂನಿಟ್ ಎಂದು ಹಿಡಿಯಿರಿ. ಆ ಪ್ರಕಾರ ಒಂದು ನೈಂಟಿಯಲ್ಲಿ (90 ಎಂಎಲ್) ಮೂರು ಯೂನಿಟ್, ಒಂದು ಕ್ವಾರ್ಟರ್‌ನಲ್ಲಿ (180 ಎಂಎಲ್) ಆರು. ‘ನಾನು ಬಿಯರ್ ಮಾತ್ರ’ ಎಂದು ಎದೆ ತಟ್ಟಿಕೊಳ್ಳುವವರು ಕುಡಿಯುವ 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಯೂನಿಟ್ ಇರುತ್ತದೆ, ಅಂದರೆ ಒಂದು ನೈಂಟಿಗಿಂತ ಹೆಚ್ಚು.

ಯಕೃತ್ತು ಒಂದು ಯೂನಿಟ್ ಕರಗಿಸಲು ಒಂದು ಗಂಟೆ ಅಥವಾ ಅದಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ರಾತ್ರಿ ಹತ್ತಕ್ಕೆ ಎರಡು ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಎಂಟಕ್ಕೂ ಮದ್ಯ ಉಳಿದಿರುತ್ತದೆ. ನಿಂಬೆಹಣ್ಣಿನ ರಸ, ಮಜ್ಜಿಗೆ, ತಣ್ಣೀರಿನ ಸ್ನಾನ, ಕಾಫಿ ಯಾವುದೂ ಈ ಗಡಿಯಾರವನ್ನು ಓಡಿಸುವುದಿಲ್ಲ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಒಂದು ವಾರ ಗುರುತು ಹಾಕಿ. ಅಂದು ಎಷ್ಟು ಕುಡಿದರು, ಮೊದಲ ಗುಟುಕು ಎಷ್ಟು ಗಂಟೆಗೆ, ಊಟ ಮಾಡಿದರೇ, ನಿದ್ದೆ ಬಂತೇ. ಇವುಗಳಲ್ಲಿ ಮೊದಲ ಗುಟುಕಿನ ಸಮಯಕ್ಕೆ ತೂಕ ಹೆಚ್ಚು. ಸಂಜೆ ಏಳಕ್ಕೆ ಶುರುವಾಗುತ್ತಿದ್ದದ್ದು ಮಧ್ಯಾಹ್ನಕ್ಕೆ, ಅಲ್ಲಿಂದ ಬೆಳಿಗ್ಗೆಗೆ ಸರಿದಿದ್ದರೆ ದೇಹ ಮದ್ಯಕ್ಕೆ ಒಗ್ಗಿಕೊಂಡಿದೆ.

ಅದು ಹೇಗೆ ಕಾಣುತ್ತದೆ ಎಂದು ತಿಳಿಯಬೇಕಿದ್ದರೆ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಬೆಳಗಿನ ಹೊತ್ತು ನಿಂತು ನೋಡಬೇಕು. ಬಿಸಿನೀರಿನ ಬೇಸಿನ್‌ನಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಪ್ರತಿ ಗೂಡಿನ ಎಳೆಯ ತುದಿಯನ್ನು ಬೆರಳಿನಲ್ಲಿ ಹಿಡಿದು, ಉಳಿದ ಎಳೆಗಳ ಜೊತೆ ಸೇರಿಸಿ ಬಿಡಬೇಕು. ಕೂದಲಿಗಿಂತ ಸಣ್ಣ ಎಳೆ ಅದು. ಹಿಂದಿನ ರಾತ್ರಿ ಕುಡಿದು ಬಂದ ಕೆಲಸಗಾರನ ಬೆರಳು ನಡುಗುತ್ತದೆ, ಎಳೆ ಜಾರುತ್ತದೆ, ಮತ್ತೆ ಹುಡುಕುತ್ತಾನೆ, ಮತ್ತೆ ಜಾರುತ್ತದೆ. ಹಬೆಗೂ ಬೆವರಿಗೂ ವ್ಯತ್ಯಾಸ ತಿಳಿಯದಷ್ಟು ಬೆವರಿರುತ್ತಾನೆ. ಸ್ವಲ್ಪ ಹೊತ್ತಿಗೆ ಬೀಡಿ ಸೇದುವ ನೆಪದಲ್ಲಿ ಹೊರಗೆ ಹೋಗಿ ಬರುತ್ತಾನೆ. ಆಮೇಲೆ ಅವನ ಕೈ ಅಷ್ಟು ನಿಶ್ಚಲವಾಗಿರುವವರು ಆ ಸಾಲಿನಲ್ಲಿ ಇನ್ನೊಬ್ಬರಿರುವುದಿಲ್ಲ. ಜೊತೆಯವರು ನಗುತ್ತಾರೆ, ಕುಡಿದರೇನೇ ಚೆನ್ನಾಗಿ ಕೆಲಸ ಮಾಡುತ್ತಾನೆ ಎಂದು ಮೆಚ್ಚಿಕೊಳ್ಳುತ್ತಾರೆ. ವೈದ್ಯರು ಅದನ್ನು ಕಾಯಿಲೆಯ ಲಕ್ಷಣ ಎಂದು ಬರೆದುಕೊಳ್ಳುತ್ತಾರೆ.

ಇದರ ಜೊತೆಗೆ ನಾಲ್ಕು ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕು ಎಂದು ಅವರಿಗೇ ಅನಿಸಿದೆಯೇ? ಯಾರಾದರೂ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ಒಳಗೊಳಗೇ ತಪ್ಪಿತಸ್ಥ ಭಾವ ಕಾಡಿದೆಯೇ? ಎದ್ದ ತಕ್ಷಣ ನಡುಕಕ್ಕೋ ತಲೆನೋವಿಗೋ ಒಂದು ಗುಟುಕು ಬೇಕಾಗಿದೆಯೇ? ಎರಡಕ್ಕೆ ಹೌದು ಎಂದಾದರೆ ವೈದ್ಯರನ್ನು ಕಾಣಬೇಕು. ನಾಲ್ಕನೆಯದಕ್ಕೆ ಹೌದಾದರೆ, ಅದೊಂದೇ ಸಾಕು.

ಎರಡನೆಯ ಹೆಜ್ಜೆ: ದಿಢೀರನೆ ನಿಲ್ಲಿಸಬೇಡಿ, ನಿಲ್ಲಿಸಲು ಬಿಡಬೇಡಿ

ಮನೆಯವರು ಒಪ್ಪಲು ಕಷ್ಟಪಡುವ ಮಾತಿದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ಆ ಮಂಕಿನ ವಿರುದ್ಧ ಕೆಲಸ ಮಾಡಲು ಮಿದುಳು ತನ್ನನ್ನು ತಾನೇ ಸದಾ ಕೆರಳಿಸಿಕೊಂಡಿರುತ್ತದೆ. ಮದ್ಯ ಹೋದ ಕೂಡಲೇ ಆ ಕೆರಳಿಕೆಗೆ ಲಗಾಮು ಇಲ್ಲವಾಗುತ್ತದೆ.

ಕೊನೆಯ ಬಾರಿ ಕುಡಿದ ಆರರಿಂದ ಹನ್ನೆರಡು ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ದೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆ ಕವಿಯುತ್ತದೆ. ಹೊತ್ತು ಗೊತ್ತು ತಿಳಿಯುವುದಿಲ್ಲ, ಇಲ್ಲದ ಹುಳುಹುಪ್ಪಟೆ ಕಾಣುತ್ತವೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈ ಆಡುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ. ನಮ್ಮ ಕಡೆ ಇದಕ್ಕೆ ‘ಗಾಳಿ ಸೋಕಿದೆ’ ಎಂದು ಹೇಳಿ ತಾಯಿತ ಕಟ್ಟಿಸಲು ಹೋಗುತ್ತಾರೆ. ಅಮೂಲ್ಯವಾದ ಆ ರಾತ್ರಿ ಅಲ್ಲಿಗೇ ಕಳೆದುಹೋಗುತ್ತದೆ.

ಯಾವ ಸಂದರ್ಭಗಳಲ್ಲಿ ಕುಡಿತ ತಾನಾಗಿಯೇ ನಿಲ್ಲುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಬೈಕಿನಿಂದ ಬಿದ್ದು ಕಾಲು ಮುರಿದು ಆಸ್ಪತ್ರೆ ಸೇರಿದಾಗ. ಪೊಲೀಸ್ ಠಾಣೆಯಲ್ಲೋ ಜೈಲಿನಲ್ಲೋ ಇದ್ದಾಗ. ಜ್ವರ ಬಂದು ಮಲಗಿದಾಗ. ಮನೆಯವರು ಕೋಣೆಯಲ್ಲಿ ಕೂಡಿಹಾಕಿದಾಗ. ಅಯ್ಯಪ್ಪ ಮಾಲೆ ಹಾಕಿದಾಗ. ಮೂಳೆ ಮುರಿದು ದಾಖಲಾದವನ ವಿಷಯದಲ್ಲಿ ಮನೆಯವರು ಮರ್ಯಾದೆಗೆ ಅಂಜಿ ‘ಇಲ್ಲ ಸಾರ್, ಕುಡಿಯುವುದಿಲ್ಲ’ ಎಂದುಬಿಡುತ್ತಾರೆ, ಮೂರನೆಯ ರಾತ್ರಿ ಆತ ಡ್ರಿಪ್ ಕಿತ್ತೆಸೆದು ಓಡುತ್ತಾನೆ. ದಾಖಲಾಗುವಾಗಲೇ ಕುಡಿತದ ಲೆಕ್ಕ ಹೇಳಿ. ಆ ಮಾತು ಕೇಸ್ ಶೀಟಿನಲ್ಲಿ ಇದ್ದರೆ ವೈದ್ಯರು ಮುಂಚೆಯೇ ಔಷಧ ಶುರುಮಾಡುತ್ತಾರೆ.

ಮಾಲೆಯ ವಿಷಯ ಸ್ವಲ್ಪ ಹೇಳಬೇಕು. 41 ದಿನದ ವ್ರತದಲ್ಲಿ ಒಂದು ಹನಿಯೂ ಮುಟ್ಟದೆ ಇದ್ದು, ಶಬರಿಮಲೆಯಿಂದ ಬಂದ ವಾರದಲ್ಲೇ ಮತ್ತೆ ಬಾರ್ ಮೆಟ್ಟಿಲು ಹತ್ತುವವರನ್ನು ಪ್ರತಿ ಊರೂ ನೋಡಿದೆ. ‘ಮನಸ್ಸು ಮಾಡಿದರೆ ಬಿಡಬಲ್ಲ, ಬೇಕೆಂದೇ ಕುಡಿಯುತ್ತಾನೆ’ ಎಂದು ಊರು ತೀರ್ಮಾನಿಸುತ್ತದೆ. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ಆ 41 ದಿನ ಅವನಿಗೆ ದಿನಚರಿ ಇರುತ್ತದೆ, ಬೆಳಗಿನ ಸ್ನಾನ, ಸಂಜೆಯ ಭಜನೆ, ಜೊತೆಗಿರುವ ಸ್ವಾಮಿಗಳು, ಎದುರಾದವರೆಲ್ಲ ‘ಸ್ವಾಮಿ’ ಎಂದು ಕರೆಯುವ ಗೌರವ ಇರುತ್ತದೆ. ಮಾಲೆ ತೆಗೆದ ಸಂಜೆ ಇಷ್ಟೂ ಒಟ್ಟಿಗೆ ಇಲ್ಲವಾಗುತ್ತವೆ. ಆ ಸಂಜೆಗಳನ್ನು ತುಂಬುವ ಏರ್ಪಾಡು ಯಾರೂ ಮಾಡಿರುವುದಿಲ್ಲ. ಆದ್ದರಿಂದ ಮಾಲೆ ಹಾಕುವ ಮುನ್ನ ಒಮ್ಮೆ, ತೆಗೆಯುವ ವಾರದಲ್ಲಿ ಇನ್ನೊಮ್ಮೆ ವೈದ್ಯರನ್ನು ಕಂಡರೆ ಆ ವ್ರತ ಚಿಕಿತ್ಸೆಗೆ ಒಳ್ಳೆಯ ಆರಂಭವೇ ಆಗಬಹುದು.

ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ, ಕೈಗೆ ಕಬ್ಬಿಣ ಹಿಡಿಸುವುದರಿಂದ ಪ್ರಯೋಜನವಿಲ್ಲ. 108ಕ್ಕೆ ಕರೆ ಮಾಡಿ. ವೈದ್ಯರನ್ನು ಕಾಣುವವರೆಗೆ ‘ಇವತ್ತೇ, ಈಗಲೇ ಬಿಡು’ ಎಂದು ಪಟ್ಟು ಹಿಡಿಯಬೇಡಿ.

ಮೂರನೆಯ ಹೆಜ್ಜೆ: ದೇಹಕ್ಕೆ ಆದ ಪೆಟ್ಟನ್ನು ತಿಳಿದುಕೊಳ್ಳಿ

ಯಕೃತ್ತು ಬಹಳ ಕಾಲ ಬಾಯಿ ಬಿಡದ ಅಂಗ. ಮೊದಲು ಅದರಲ್ಲಿ ಕೊಬ್ಬು ಸೇರುತ್ತದೆ. ಈ ಹಂತದಲ್ಲಿ ನೋವಿಲ್ಲ, ಕಾಮಾಲೆಯಿಲ್ಲ, ಮದ್ಯ ಪೂರ್ತಿ ನಿಂತರೆ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ಮುಂದಿನದು ಉರಿಯೂತ: ಹಸಿವಿಲ್ಲದಿರುವುದು, ಜ್ವರ, ಕಣ್ಣು ಹಳದಿಯಾಗುವುದು. ಅದರ ಮುಂದೆ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವ ಸಿರೋಸಿಸ್. ಹೊಟ್ಟೆಯಲ್ಲಿ ನೀರು, ಕಾಲು ಊತ, ರಕ್ತವಾಂತಿ, ಕಪ್ಪು ಮಲ, ಮಂಪರು, ಇವೆಲ್ಲ ಬರುವುದು ಆಗ. ಗಟ್ಟಿಯಾದದ್ದು ಮೊದಲಿನಂತೆ ಆಗುವುದಿಲ್ಲ. ಆದರೂ ಆ ಹಂತದಲ್ಲಿ ಬಿಟ್ಟವರು ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ‘ಇನ್ನು ಬಿಟ್ಟರೇನು ಬಂತು’ ಎಂಬ ಮಾತಿಗೆ ಮನೆಯಲ್ಲಿ ಜಾಗ ಕೊಡಬೇಡಿ.

ಕಣ್ಣು ಹಳದಿಯಾದರೆ ಸೊಪ್ಪಿನ ಔಷಧಿಗೆ ಓಡುವುದು ಈ ಭಾಗದ ಹಳೆಯ ರೂಢಿ. ವೈರಸ್‌ನಿಂದ ಬರುವ ಕೆಲವು ಕಾಮಾಲೆಗಳು ತಾವಾಗಿಯೇ ಇಳಿಯುತ್ತವೆ, ಆ ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಕುಡಿತದಿಂದ ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ, ಏನೆಂದು ತಿಳಿಯದ ಕಷಾಯ ಬಿದ್ದರೆ ಕೆಟ್ಟ ಯಕೃತ್ತು ಇನ್ನಷ್ಟು ಕೆಡಬಹುದು.

ಯಕೃತ್ತಿನಾಚೆಗೂ ಪಟ್ಟಿ ಉದ್ದವಿದೆ. ಬೆನ್ನಿಗೆ ಇರಿಯುವಂಥ ಮೇಲ್ಹೊಟ್ಟೆ ನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು, ಗ್ಯಾಸ್ ಮಾತ್ರೆ ನುಂಗಿಸಿ ಕಾಯಬೇಡಿ. ರಕ್ತದೊತ್ತಡ ಏರುತ್ತದೆ. ಪಾದ ಉರಿ, ಜೋಮು ಹಿಡಿಯುವುದು ನರಗಳು ಕೆಟ್ಟ ಗುರುತು. ಹೆಚ್ಚು ಕುಡಿಯುವವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು, ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡಕರುಳು, ಸ್ತನ ಇವು ಆ ಪಟ್ಟಿಯಲ್ಲಿವೆ. ಜೊತೆಗೆ ಗುಟ್ಕಾ, ಬೀಡಿ ಇದ್ದರೆ ಬಾಯಿ ಗಂಟಲಿನ ಅಪಾಯ ಹಲವು ಪಟ್ಟು ಏರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವಿಲ್ಲದೆ ಕುಡಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅಕ್ಕಪಕ್ಕದವರು ಅಮಲಿನಲ್ಲಿ ಬಿದ್ದಿದ್ದಾನೆಂದು ದಾಟಿಕೊಂಡು ಹೋಗುತ್ತಾರೆ.

ಗಂಡಸರು ವೈದ್ಯರಿಗೂ ಹೇಳದ ಒಂದು ವಿಷಯವಿದೆ. ಬಹುಕಾಲದ ಕುಡಿತ ಲೈಂಗಿಕ ಶಕ್ತಿಯನ್ನು ಕುಂದಿಸುತ್ತದೆ. ಕೆಲವರಲ್ಲಿ ಆ ಕೀಳರಿಮೆ ಹೆಂಡತಿಯ ಮೇಲಿನ ಅನುಮಾನವಾಗಿ ತಿರುಗುತ್ತದೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಯಕೃತ್ತಿನ ಕಾರ್ಯದ ರಕ್ತಪರೀಕ್ಷೆ, ರಕ್ತಕಣಗಳ ಎಣಿಕೆ, ಸಕ್ಕರೆ, ರಕ್ತದೊತ್ತಡ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ವರದಿಗಳನ್ನು ಒಂದೇ ಕವರಿನಲ್ಲಿಡಿ. ವರದಿ ಚೆನ್ನಾಗಿ ಬಂದರೆ ಕುಡಿಯಲು ಪರವಾನಗಿ ಸಿಕ್ಕಿತೆಂದು ಅರ್ಥ ಮಾಡಿಕೊಳ್ಳುವವರೂ ಇದ್ದಾರೆ, ಎಚ್ಚರ.

ಕಳ್ಳಬಟ್ಟಿಯ ಮಾತು ಬೇರೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಮದ್ಯದಲ್ಲಿರುವ ಮೆಥನಾಲ್ ಎಂಬ ವಿಷ ಕಣ್ಣಿನ ನರವನ್ನು ಸುಡುತ್ತದೆ. ಕುಡಿದ ಮೇಲೆ ಕಣ್ಣು ಮಂಜಾದರೆ, ಹೊಟ್ಟೆನೋವು, ಉಸಿರುಗಟ್ಟುವಿಕೆ ಬಂದರೆ ಬೆಳಗಾಗಲು ಕಾಯಬೇಡಿ.

ನಾಲ್ಕನೆಯ ಹೆಜ್ಜೆ: ಹೊರಡಿಸುವುದು, ಹೋಗುವುದು

ರಾತ್ರಿ ಅಮಲಿನಲ್ಲಿರುವಾಗ ಬುದ್ಧಿ ಹೇಳಿದ್ದು ಬೆಳಿಗ್ಗೆ ಅವರ ನೆನಪಿನಲ್ಲೇ ಇರುವುದಿಲ್ಲ. ಬೆಳಿಗ್ಗೆ, ಮಕ್ಕಳು ಶಾಲೆಗೆ ಹೊರಟ ಮೇಲೆ, ಕಣ್ಣಾರೆ ಕಂಡ ಒಂದೇ ಸಂಗತಿಯನ್ನು ಎತ್ತಿ. ‘ನಿನ್ನೆ ಲೋಟ ಹಿಡಿಯುವಾಗ ನಿಮ್ಮ ಕೈ ನಡುಗುತ್ತಿತ್ತು ರೀ. ಮಂಗಳವಾರ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರೋಣ, ನಾನೂ ಬರುತ್ತೇನೆ.’ ಇಷ್ಟೇ ಸಾಕು. ಹತ್ತು ವರ್ಷದ ಹಳೆಯ ಕಡತ ಅಂದು ಬಿಚ್ಚಬೇಡಿ. ಕುಡಿತ ಬಿಡಿಸುತ್ತಾರಂತೆ ಎಂದರೆ ಒಪ್ಪದವರು ನಿದ್ದೆಗೆ, ನಡುಕಕ್ಕೆ, ಹೊಟ್ಟೆಉರಿಗೆ ಔಷಧ ತರಲು ಒಪ್ಪುತ್ತಾರೆ. ಆ ಬಾಗಿಲಿನಿಂದಲೇ ಒಳಗೆ ಹೋಗಿ.

ಮಂಗಳವಾರ ಎಂದದ್ದಕ್ಕೆ ಕಾರಣವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಮಂಗಳವಾರ ರೋಗಿಗಳನ್ನು ನೋಡುವ ಏರ್ಪಾಡು ರಾಜ್ಯದಲ್ಲಿದೆ. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು, ಹೀಗೆ ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿಕೊಂಡು ಹೊರಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಕಾಯಿಲೆ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೂ ಹೋಗಲಾಗದ ರಾತ್ರಿಯಲ್ಲಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಲಹೆಗಾರರು ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಇವೆರಡಕ್ಕೂ ಹಣವಿಲ್ಲ.

ಚಿಕಿತ್ಸೆ ಎರಡು ಭಾಗದ್ದು. ಮೊದಲ ವಾರ ಹತ್ತು ದಿನ ನಡುಕ, ಫಿಟ್ಸ್ ಬಾರದಂತೆ ಮಾತ್ರೆ, ಜೊತೆಗೆ ಬಿ1 ಜೀವಸತ್ವ. ಕುಡಿಯುವವರಲ್ಲಿ ಬಿ1 ಬರಿದಾಗಿರುತ್ತದೆ. ಅದನ್ನು ತುಂಬದೆ ಬರೀ ಗ್ಲುಕೋಸ್ ಹಾಕಿಸಿದರೆ ಮಿದುಳಿಗೆ ಹಾನಿಯಾಗಬಹುದು. ‘ಸುಸ್ತಾಗಿದ್ದಾರೆ, ಒಂದು ಬಾಟಲಿ ಏರಿಸಿಬಿಡಿ’ ಎಂದು ಸಿಕ್ಕ ಕ್ಲಿನಿಕ್ಕಿಗೆ ಹೋಗಬೇಡಿ ಎನ್ನುವುದು ಇದಕ್ಕೇ. ಎರಡನೆಯ ಭಾಗ ತಿಂಗಳುಗಟ್ಟಲೆ ನಡೆಯುತ್ತದೆ. ಕುಡಿಯುವ ಚಡಪಡಿಕೆ ತಗ್ಗಿಸುವ ಮಾತ್ರೆಗಳಿವೆ, ಆಪ್ತ ಸಮಾಲೋಚನೆ ಇದೆ. ಮನೆಯವರು ಸೋಲುವುದು ಸಾಮಾನ್ಯವಾಗಿ ಇಲ್ಲೇ. ಹತ್ತು ದಿನಕ್ಕೆ ಮುಖದಲ್ಲಿ ಕಳೆ ಬಂತು, ಊಟ ಸೇರುತ್ತಿದೆ ಎಂದು ಎರಡನೆಯ ಭಾಗಕ್ಕೆ ಹೋಗುವುದೇ ಇಲ್ಲ.

ಸಾರಿನಲ್ಲಿ ಕದ್ದು ಹಾಕುವ ಪುಡಿ, ಮಾತ್ರೆಯ ವಿಷಯಕ್ಕೆ ಬಂದರೆ ನನಗೆ ತಾಳ್ಮೆಯಿಲ್ಲ. ಡೈಸಲ್ಫಿರಾಮ್ ಎಂಬ ಔಷಧ ಒಳಗಿದ್ದಾಗ ಮದ್ಯ ಬಿದ್ದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಹೃದಯ ದುರ್ಬಲವಿದ್ದವರು ಸಾಯಲೂಬಹುದು. ಕುಡಿಯುವವರು ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದದ್ದು ಅದು. ಗೋಡೆಬರಹ, ಯೂಟ್ಯೂಬ್ ಜಾಹೀರಾತು ನೋಡಿ ತರಿಸುವ ಪುಡಿಯಲ್ಲಿ ಇದೇ ಇದೆಯೋ ಇನ್ನೇನಿದೆಯೋ ಬಲ್ಲವರಿಲ್ಲ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ನೀವೇ ಹೋಗಿ ನೋಡಿ ಬನ್ನಿ. ನೋಂದಣಿ ಪತ್ರ ಇದೆಯೇ, ಮನೋವೈದ್ಯರು ಯಾವ ದಿನ ಬರುತ್ತಾರೆ, ಮನೆಯವರು ಭೇಟಿಯಾಗಲು, ಫೋನಿನಲ್ಲಿ ಮಾತನಾಡಲು ಬಿಡುತ್ತಾರೆಯೇ ಎಂದು ಕೇಳಿ. ಗಾಡಿ ಕಳಿಸಿ ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯವ್ಯಸನಿಗಳಿಗೂ ಅನ್ವಯಿಸುತ್ತದೆ, ಸರಪಳಿ ಹಾಕುವುದು ಅದರ ಪ್ರಕಾರ ನಿಷಿದ್ಧ. ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಹಲವರಿಗೆ ಒಳಿತಾಗಿದೆ. ಆದರೆ ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಇರುವವರು ಶಿಬಿರಕ್ಕೆ ಮುನ್ನ ಆಸ್ಪತ್ರೆಗೆ ಹೋಗಬೇಕು.

ಐದನೆಯ ಹೆಜ್ಜೆ: ಕೆಲಸ ಉಳಿಸಿಕೊಳ್ಳುವುದು

‘ಜ್ವರ ಸಾರ್, ಇವತ್ತು ಬರುವುದಿಲ್ಲ’ ಎಂದು ಸೂಪರ್‌ವೈಸರ್‌ಗೆ ಹೆಂಡತಿಯೇ ಕರೆ ಮಾಡುವುದನ್ನು ನಿಲ್ಲಿಸಬೇಕು. ಸುಳ್ಳಿನಿಂದ ಒಂದು ದಿನದ ಕೂಲಿ ಉಳಿಯಬಹುದು, ಕೊನೆಗೆ ಕೆಲಸವೇ ಹೋಗುತ್ತದೆ. ಚಿಕಿತ್ಸೆಗೆ ಸೇರಿದ್ದಾರೆ ಎಂಬ ವೈದ್ಯರ ಚೀಟಿಯೊಂದಿಗೆ ರಜೆ ಕೇಳಿ. ಸಂಬಳದಲ್ಲಿ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಆ ಕಾರ್ಡಿನಲ್ಲೇ ವೈದ್ಯರನ್ನು ಕಾಣಬಹುದು.

ಯಂತ್ರದ ಮುಂದೆ, ಟ್ರ್ಯಾಕ್ಟರ್ ಮೇಲೆ, ಕಟ್ಟಡದ ಸಾರುವೆಯ ಮೇಲೆ ಕೆಲಸ ಮಾಡುವವರು ಒಂದು ಕಾನೂನನ್ನು ತಿಳಿದಿರಬೇಕು. ನೌಕರರ ಪರಿಹಾರದ ಕಾನೂನಿನ ಪ್ರಕಾರ, ಕುಡಿದ ಅಮಲೇ ನೇರ ಕಾರಣವಾಗಿ ಆದ ಗಾಯಕ್ಕೆ ಮಾಲೀಕರು ಪರಿಹಾರ ಕೊಡಬೇಕಾಗಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಮಾತ್ರ ಈ ವಿನಾಯಿತಿ ಮಾಲೀಕರಿಗೆ ಸಿಗುವುದಿಲ್ಲ. ಬೆರಳು ಹೋಯಿತು, ಆದರೆ ಕೈಗೆ ಏನೂ ಬರಲಿಲ್ಲ ಎಂಬ ಸ್ಥಿತಿ ಹೀಗೆ ಬರುತ್ತದೆ.

ರಸ್ತೆಯಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಯೂನಿಟ್ಟಿನ ಲೆಕ್ಕ ನೆನಪಿಸಿಕೊಳ್ಳಿ: ಬೆಳಿಗ್ಗೆ ಆರಕ್ಕೆ ಹೂವಿನ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಬೈಕ್ ಓಡಿಸುವವನು ಹಿಂದಿನ ರಾತ್ರಿಯ ಕ್ವಾರ್ಟರ್‌ಗಳಿಗಾಗಿ ಸಿಕ್ಕಿಬೀಳಬಹುದು.

ಕೂಲಿ ದಿನದಿನಕ್ಕೆ ನಗದಾಗಿ ಸಿಗುವ ಕೆಲಸಗಳಲ್ಲಿ ಬಟವಾಡೆಯ ಜಾಗಕ್ಕೂ ಬಾರಿಗೂ ಹತ್ತೇ ಹೆಜ್ಜೆ. ಚಿಂತಾಮಣಿಯ ಎಪಿಎಂಸಿಯಲ್ಲಿ ಹಮಾಲಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಲಿ ವಾರಕ್ಕೊಮ್ಮೆ ಖಾತೆಗೆ ಬರುವಂತೆ ಮಂಡಿಯವರನ್ನು ಕೇಳಿಕೊಂಡರೆ ಒಪ್ಪುವವರು ಇರುತ್ತಾರೆ. ಇದನ್ನು ಕುಡಿಯುವವರೇ ಕೇಳಬೇಕು, ಹೆಂಡತಿ ಹೋಗಿ ಕೇಳಿದರೆ ಜಗಳಕ್ಕೆ ದಾರಿಯಾಗುತ್ತದೆ.

ಆರನೆಯ ಹೆಜ್ಜೆ: ಹಣ ಮತ್ತು ಜಮೀನು

ದಿನಕ್ಕೆ 200 ರೂಪಾಯಿ ಎಂದರೆ ವರ್ಷಕ್ಕೆ 73,000. ಈ ಗುಣಾಕಾರವನ್ನು ಎಲ್ಲರೂ ಮಾಡುತ್ತಾರೆ. ನೆಂಚಿಕೊಳ್ಳುವ ಖಾರ, ತಪ್ಪಿದ ಕೂಲಿ, ಗಿರವಿಯ ಬಡ್ಡಿ, ಆಸ್ಪತ್ರೆ ಖರ್ಚು ಸೇರಿದರೆ ಅದಕ್ಕಿಂತ ಎಷ್ಟೋ ಹೆಚ್ಚು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡ್, ಪಿನ್ ನಿಮ್ಮ ಬಳಿಯೇ ಇರಲಿ. ಹಸು ಕಟ್ಟಿ ಹಾಲು ಕರೆಯುವವರು ನೀವಾಗಿದ್ದರೆ ಡೇರಿಯ ಸದಸ್ಯತ್ವವನ್ನೂ ಖಾತೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸ್ತ್ರೀಶಕ್ತಿ ಸಂಘದಲ್ಲಿ ಅವರಿಗಾಗಿ ಸಾಲ ಎತ್ತಬೇಡಿ. ಬಾರಿನ ಬಾಕಿ ತೀರಿಸುವ ಅಣ್ಣ ತಮ್ಮನನ್ನು ಉಳಿಸುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಬಾರಿನವನಿಗೆ ಅದು ಮುಂದಿನ ಸಾಲಕ್ಕೆ ಜಾಮೀನು.

ಜಮೀನಿನ ವಿಷಯಕ್ಕೆ ನಿಧಾನವಾಗಿ ಬರೋಣ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಕುಡಿತ ಮನೆಯನ್ನು ಬೀದಿಗೆ ತರುವ ದೊಡ್ಡ ದಾರಿ ಇದೇ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಂದಿ ಸುತ್ತಮುತ್ತಲಿನ ರಾಗಿ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ಬೆಲೆ ಬಂತು, ಬೆಲೆಯ ಹಿಂದೆ ದಲ್ಲಾಳಿ ಬಂದ. ಅವನ ಪದ್ಧತಿ ಎಲ್ಲ ಕಡೆ ಒಂದೇ. ಹದಿನೈದು ದಿನ ಅವನದೇ ಖರ್ಚಿನಲ್ಲಿ ಊಟ, ಎಣ್ಣೆ. ಹದಿನಾರನೆಯ ದಿನ ಮೇಜಿನ ಮೇಲೆ ಅಗ್ರಿಮೆಂಟ್, ಕೈಗೊಂದಿಷ್ಟು ಮುಂಗಡ. ಸಹಿಯಾದದ್ದು ಮನೆಗೆ ತಿಳಿಯುವುದು ನೋಟಿಸ್ ಬಂದಾಗ.

ಪಹಣಿ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಆಗಾಗ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುತ್ತಿದ್ದರೆ ನೋಂದಣಿಯಾದ ವ್ಯವಹಾರ ಗೊತ್ತಾಗುತ್ತದೆ. ನೋಂದಣಿಯಾಗದ ಅಗ್ರಿಮೆಂಟ್ ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಊರಿನವರ ಮಾತಿಗೆ ಕಿವಿಗೊಡಬೇಕು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಹುಟ್ಟಿನಿಂದಲೇ ಮಕ್ಕಳಿಗೆ ಪಾಲಿದೆ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ವಿಭಾಗದ ದಾವೆ ಹಾಕಿ ಮಾರಾಟಕ್ಕೆ ತಡೆಯಾಜ್ಞೆ ಕೇಳಬಹುದು. ಒಪ್ಪಂದದ ಷರತ್ತು ಅರ್ಥವಾಗದಷ್ಟು ಕುಡಿದವನು ಆ ಅಮಲು ಇರುವವರೆಗೆ ಒಪ್ಪಂದ ಮಾಡಿಕೊಳ್ಳಲು ಅರ್ಹನಲ್ಲ ಎಂದು 1872ರ ಕರಾರು ಕಾಯ್ದೆಯ 12ನೆಯ ಕಲಮು ಹೇಳುತ್ತದೆ. ಆದರೆ ಅಂದು ಅಷ್ಟು ಕುಡಿದಿದ್ದ ಎಂದು ರುಜುವಾತು ಮಾಡುವ ಹೊಣೆ ನಿಮ್ಮದು. ಅಲ್ಲಿದ್ದವರು ಯಾರು, ಯಾವ ಜಾಗ, ಯಾವ ಹೊತ್ತು ಎಂಬುದನ್ನು ವಿಷಯ ತಿಳಿದ ದಿನವೇ ಬರೆದಿಟ್ಟುಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ದೂರವಾಣಿ 15100.

ಏಳನೆಯ ಹೆಜ್ಜೆ: ಹೊಡೆತ, ಅನುಮಾನ, ಮಕ್ಕಳು

‘ಕುಡಿದಾಗ ಮಾತ್ರ ಹೊಡೆಯುತ್ತಾರೆ, ಉಳಿದಂತೆ ಒಳ್ಳೆಯವರು’ ಎನ್ನುವ ಮಾತನ್ನು ಕೇಳಿದಾಗಲೆಲ್ಲ ನಾನು ಕೇಳಬೇಕೆಂದುಕೊಳ್ಳುವುದು ಒಂದೇ: ಕುಡಿದಾಗ ಬಾರಿನ ಮಾಲೀಕನಿಗೆ ಹೊಡೆದದ್ದುಂಟೇ? ಪೆಟ್ಟು ಸಹಿಸುವುದು ಚಿಕಿತ್ಸೆಯ ಭಾಗವಲ್ಲ. ಒಂದು ಚೀಲದಲ್ಲಿ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆ, ಸ್ವಲ್ಪ ನಗದು, ಎರಡು ಜೊತೆ ಬಟ್ಟೆ ಇಟ್ಟು ನಂಬಿಕೆಯ ಮನೆಯಲ್ಲಿ ಇರಿಸಿ. ಆ ಕ್ಷಣದ ಅಪಾಯಕ್ಕೆ 112, ಸಲಹೆಗೆ ಆಸರೆಗೆ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ದೂರು ಕೊಡಲು ವಿಚ್ಛೇದನ ಬೇಕಿಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ನಿಮಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ದೂರನ್ನು ನ್ಯಾಯಾಲಯಕ್ಕೆ ಮುಟ್ಟಿಸುವವರು ಅವರು.

ಮೇಲೆ ಹೇಳಿದ ಅನುಮಾನವನ್ನು ಹಗುರವಾಗಿ ಕಾಣಬೇಡಿ. ಫೋನ್ ತಪಾಸಣೆ, ಡೇರಿಗೆ ಹೋಗಿ ಬರಲು ಎಷ್ಟು ಹೊತ್ತಾಯಿತೆಂಬ ಲೆಕ್ಕ, ‘ಈ ಮಗು ನನ್ನದೇ ಏನು’ ಎಂಬ ಮಾತು. ಆಣೆ ಪ್ರಮಾಣದಿಂದ, ಸಾಕ್ಷಿ ತೋರಿಸುವುದರಿಂದ ಇದು ತಣಿಯುವುದಿಲ್ಲ, ಕಾಯಿಲೆ ಪುರಾವೆಗೆ ಬಗ್ಗುವುದಿಲ್ಲ. ಇದಕ್ಕೆ ಬೇರೆಯೇ ಔಷಧವಿದೆ, ಕುಡಿತ ನಿಂತ ಮೇಲೂ ಇದು ಉಳಿಯಬಹುದು. ಮನೋವೈದ್ಯರಿಗೆ ನೀವು ಒಬ್ಬರೇ ಹೋಗಿ ತಿಳಿಸಿ. ಕತ್ತಿ, ಮಚ್ಚು, ಕೀಟನಾಶಕದ ಬಾಟಲಿ ಮನೆಯಲ್ಲಿ ಕೈಗೆ ಸಿಗುವ ಜಾಗದಲ್ಲಿ ಇರಬಾರದು. ಕೀಟನಾಶಕದ ಮಾತು ಅವರ ಪ್ರಾಣದ ದೃಷ್ಟಿಯಿಂದಲೂ ಹೌದು. ಕುಡಿದ ಹೊತ್ತಿನಲ್ಲಿ ಸಾಯುತ್ತೇನೆ ಎಂದವರು ಬೆಳಿಗ್ಗೆಗೆ ಮರೆಯುತ್ತಾರೆಂಬ ಭರವಸೆಯಿಲ್ಲ.

ಮಕ್ಕಳನ್ನು ಪೆಟ್ಟಿಗೆ ಅಂಗಡಿಗೆ ಕಳಿಸಿ ಪ್ಯಾಕೆಟ್ ತರಿಸುವುದು ಹಳ್ಳಿಗಳಲ್ಲಿ ಯಾರಿಗೂ ವಿಶೇಷ ಅನಿಸುವುದಿಲ್ಲ. ಮಗುವಿನ ಕೈಯಲ್ಲಿ ಮದ್ಯ ಸಾಗಿಸುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಪ್ಪನ ಪರವಾಗಿ ಸುಳ್ಳು ಹೇಳುವ, ಅಪ್ಪನನ್ನು ಬಾರಿನಿಂದ ಕರೆತರುವ ಕೆಲಸವನ್ನು ಹಿರಿಯ ಮಗಳಿಗೋ ಮಗನಿಗೋ ವಹಿಸಬೇಡಿ. ಅಪ್ಪನಿಗೆ ಕಾಯಿಲೆಯಿದೆ, ಅದು ನಿನ್ನಿಂದ ಬಂದದ್ದಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ತರಗತಿಯ ಶಿಕ್ಷಕರೊಬ್ಬರಿಗೆ ವಿಷಯ ತಿಳಿದಿರಲಿ. ಮಕ್ಕಳ ಸಹಾಯವಾಣಿ 1098.

ಎಂಟನೆಯ ಹೆಜ್ಜೆ: ಮತ್ತೆ ಕುಡಿದ ದಿನ

ಬಿಟ್ಟವರಲ್ಲಿ ಬಹಳ ಮಂದಿ ಒಮ್ಮೆಯಾದರೂ ಮತ್ತೆ ಕುಡಿಯುತ್ತಾರೆ, ಅದಕ್ಕೆ ಮೊದಲೇ ಸಿದ್ಧರಾಗಿರಿ. ಯುಗಾದಿಯ ಮಾರನೆಯ ದಿನದ ಹೊಸತೊಡಕು, ಊರ ಜಾತ್ರೆ, ತಿಥಿ, ಮದುವೆಯ ಹಿಂದಿನ ರಾತ್ರಿ, ಗ್ರಾಮ ಪಂಚಾಯಿತಿ ಚುನಾವಣೆ, ಟೊಮೆಟೊಗೆ ಬೆಲೆ ಬಂದ ವಾರ, ಬೆಲೆ ಬಿದ್ದ ವಾರ. ಅಪಾಯದ ದಿನಗಳು ಹೀಗೆ ಮೊದಲೇ ಗೊತ್ತಿರುತ್ತವೆ. ಹೊಸತೊಡಕಿಗೆ ಭಾವಮೈದನ ಮನೆಗೆ ಹೋಗಲೇಬೇಕಿದ್ದರೆ ಮಧ್ಯಾಹ್ನದ ಊಟಕ್ಕೆ ಹೋಗಿ ಬೆಳಕಿರುವಾಗಲೇ ಹಿಂದಿರುಗಿ. ‘ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಡಾಕ್ಟರ್ ಬೇಡ ಎಂದಿದ್ದಾರೆ’ ಎಂಬ ಉತ್ತರವನ್ನು ಅವರು ಮೊದಲೇ ಬಾಯಿಪಾಠ ಮಾಡಿಕೊಂಡಿರಲಿ. ನಮ್ಮವರು ಡಾಕ್ಟರ ಮಾತೆಂದರೆ ಒತ್ತಾಯ ಬಿಡುತ್ತಾರೆ. ಹಸಿವು ಮತ್ತು ಕೆಟ್ಟ ನಿದ್ದೆ ಚಡಪಡಿಕೆಯನ್ನು ಕೆರಳಿಸುತ್ತವೆ, ಸಂಜೆ ಆರಕ್ಕೇ ಹೊಟ್ಟೆ ತುಂಬ ಏನಾದರೂ ಕೊಡಿ.

ಕುಡಿದು ಬಂದ ಆ ರಾತ್ರಿ ಏನೂ ಮಾತನಾಡಬೇಡಿ. ಮಾರನೆಯ ಬೆಳಿಗ್ಗೆ ಎಷ್ಟು ಕುಡಿದರು ಎಂದು ಕ್ಯಾಲೆಂಡರಿನಲ್ಲಿ ಬರೆಯಿರಿ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದವರಾದರೆ ಬೆಳಗಿನವರೆಗೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದವರು ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಫೋನಿನಲ್ಲಿ ಕೇಳಿ, ಮುಂದಿನ ಮಂಗಳವಾರದ ಚೀಟಿ ತೆಗೆಸಿ. ಹಿಂದಿನ ವರದಿಗಳ ಕವರ್ ಜೊತೆಗಿರಲಿ.